ಪಂಕ್ತಿಯ ಕೊನೆಯ ಜಾಗ

"ನಿಂದ್ರು! ಕೈ ಇಳಸು!"

ಸುಣ್ಣದ ಕುಂಚ ಗೋಡೆಗೆ ತಾಗುವ ಮೊದಲೇ ಯಾರೋ ಅಡ್ಡ ಬಂದು ನಿಂತರು. ಬೀಸಿದ ಕೈ ನಿಲ್ಲಬೇಕಲ್ಲ? ಗೋಡೆಗೆ ಬೀಳಬೇಕಿದ್ದ ಸುಣ್ಣವೆಲ್ಲ ಬಂದವನ ಕೋಟಿನ ಮೇಲೆ ಬಿತ್ತು.

ಕುಂಚ ಹಿಡಿದಿದ್ದ ಗುತ್ತೆವ್ವ ಹಿಂದೆ ಸರಿದಳು. ಊರ ಹೊರಗಿನ ಕೇರಿಯ ಹುಡುಗಿ ಮೇಲುಜಾತಿಯ ಮಾಸ್ತರನ ಮೈಮೇಲೆ ಸುಣ್ಣ ಚೆಲ್ಲಿದ್ದಳು... 1938ರ ಅಕ್ಕಿಆಲೂರಿನಲ್ಲಿ ಅದೇನು ಸಣ್ಣ ಮಾತೇ?

ಆದರೆ ಅವನು ಕೋಟಿನ ಕಡೆ ನೋಡಲೇ ಇಲ್ಲ. ಗೋಡೆಯತ್ತ ತಿರುಗಿ, ನಿದ್ದೆಯಲ್ಲಿರುವ ಕೂಸನ್ನು ಮುಟ್ಟಿದಂತೆ ಮೆಲ್ಲಗೆ ಮುಟ್ಟಿದ.

ಅವನು ಉಳವಪ್ಪ, ಸವಣೂರಿನ ಡ್ರಾಯಿಂಗ್ ಮಾಸ್ತರ. ಹಳೆಯ ಗೋಡೆಚಿತ್ರಗಳನ್ನು ಹುಡುಕಿಕೊಂಡು ಹೋಗಿ ಬಟ್ಟೆಯ ಮೇಲೆ ನಕಲು ಬರೆಯುವ ಹುಚ್ಚು ಅವನಿಗೆ. ಧರ್ಮಶಾಲೆಯ ಈ ಹೊರಗೋಡೆಯ ಮೇಲೆ ಯಾವ ಕಾಲದವರು ಬರೆದರೋ, ಒಂದು ಊಟದ ಪಂಕ್ತಿ ಇತ್ತು. ಜನಿವಾರದವನ ಪಕ್ಕ ಕುಂಬಾರ, ಅವನ ಪಕ್ಕ ನೇಕಾರ, ಕಟ್ಟಕಡೆಗೆ ಕಸಬರಿಗೆ ಪಕ್ಕಕ್ಕಿಟ್ಟು ಕುಳಿತ ಒಬ್ಬ ಹೆಂಗಸು. ಎಲ್ಲರ ಮುಂದೆಯೂ ಒಂದೇ ಎಲೆ, ಒಂದೇ ಅನ್ನ.

ಊರ ಹಿರಿಯ ಶಂಕ್ರಪ್ಪನ ಮಗಳ ಮದುವೆ. ಬೀಗರು ಇಳಿಯುವ ಧರ್ಮಶಾಲೆಗೆ ಸುಣ್ಣ ಬಳಿಯಬೇಕೆಂದು ಅವನ ಅಪ್ಪಣೆ. ಉಳವಪ್ಪ ಹೋಗಿ ಬೇಡಿಕೊಂಡ ಮೇಲೆ, ಮುಂದಿನ ಸಂತೆಯವರೆಗೆ ಈ ಒಂದು ಗೋಡೆಯನ್ನು ಬಿಡಲು ಶಂಕ್ರಪ್ಪ ಒಪ್ಪಿದ.

ಗುತ್ತೆವ್ವ ತಂದೆ ಭರಮಪ್ಪನ ಜೊತೆ ಉಳಿದ ಗೋಡೆಗಳಿಗೆ ಸುಣ್ಣ ಬಳಿದಳು. ಕಣ್ಣು ಮಾತ್ರ ಉಳವಪ್ಪನತ್ತಲೇ. ಅವನು ತೆಳು ಕಾಗದ ಹಚ್ಚಿ ಗೆರೆ ತೆಗೆಯುತ್ತಿದ್ದ, ಆ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಿದ್ದ. ಆಮೇಲೆ ಬಟ್ಟೆಯ ಮೇಲಿಟ್ಟು ಇದ್ದಿಲಪುಡಿ ತಟ್ಟಿದರೆ ನೇಕಾರನ ಮೂಗು ಹಾಗೇ ಮೂಡಿಬಿಡುತ್ತಿತ್ತು! ಅವಳು ನಕ್ಕರೆ ಅವನೂ ನಗುತ್ತಿದ್ದ. ಕೊನೆಯ ಹೆಂಗಸು ನಮ್ಮ ಕೇರಿಯಾಕೆ ಎಂದು ಅವ್ವ ಹೇಳುತ್ತಿದ್ದುದನ್ನು ಅವಳು ಅವನಿಗೆ ಹೇಳಿದಳು. ಅವತ್ತಿನಿಂದ ಅವನು ಅವಳನ್ನು ನೋಡುವ ರೀತಿಯೇ ಬೇರೆಯಾಯಿತು. ಅವಳ ಮನಸ್ಸೂ ಅವಳ ಕೈಯಲ್ಲಿ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಅವನು ತಡವರಿಸುತ್ತ ಕೇಳಿದ. "ಗುತ್ತೆವ್ವ... ನಿನ್ನ ಮಾರೀದೊಂದು ನಕಲು ಮಾಡ್ಲೇನು?"

ಅವಳ ಮುಖ ಕಪ್ಪಿಟ್ಟಿತು. ಅವಳ ಕಿವಿಗೆ ಬಿದ್ದದ್ದು ನಕಲಿ ಎಂದು; ಈ ಸೀಮೆಯಲ್ಲಿ ನಕಲಿ ಮಾಡುವುದೆಂದರೆ ಗೇಲಿ ಮಾಡುವುದು. ಸಿಡುಬಿನ ಕಲೆಯ ಮುಖಕ್ಕೆ ಗೇಲಿಯೇನೂ ಹೊಸದಲ್ಲ. ಆದರೆ ಇವನೂನಾ...?

"ನಕಲಿ ಮಾಡಾವ್ರು ಊರಾಗ ಭಾಳ ಮಂದಿ ಅದಾರ್ರಿ. ನೀವೂ ಬ್ಯಾಡ್ರಿ," ಎಂದು ಹೊರಟವಳು ಮತ್ತೆ ಆ ಕಡೆ ಸುಳಿಯಲಿಲ್ಲ.

ಸಂತೆಯ ದಿನ ಸುಣ್ಣ ಹೊತ್ತು ಬರಲೇಬೇಕಾಯಿತು. ಬಟ್ಟೆಯ ಮೇಲಿನ ಚಿತ್ರ ಮುಗಿದಂತಿತ್ತು. ಪಂಕ್ತಿಯ ಕೊನೆಯ ಜಾಗ ಮಾತ್ರ ಖಾಲಿ! ಆ ಹೆಂಗಸನ್ನು ಬಿಟ್ಟು ಬರೆದರೆ ಮಾತ್ರ ಚಿತ್ರ ಊರ ಸಾಲೆಯ ಗೋಡೆ ಏರಲಿ ಎಂದು ಶಂಕ್ರಪ್ಪ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು.

"ಅಕೀನ್ನ ಎಬ್ಬಿಸಿ ಕಳಿಸಿದ್ರೇನು?" ಅವಳು ಖಾಲಿ ಜಾಗಕ್ಕೆ ಬೆರಳು ತೋರಿಸಿದಳು.

"ಇಲ್ಲ. ಶಂಕ್ರಪ್ಪಗ ಆಗಂಗಿಲ್ಲಂತ ಹೇಳೇನಿ. ಗ್ವಾಡೀ ಮ್ಯಾಲ ಅಕೀ ಮಾರಿ ಉದುರಿ ಹೋಗೈತಿ, ನೋಡು. ಬರದಾವ ನಿಮ್ಮ ಕೇರ್ಯಾಗಿನ ಒಬ್ಬಾಕಿನ್ನ ನೋಡೇ ಬರದಿರಬೇಕು. ಅದಕ್ಕ ನಿನ್ನ ಕೇಳಿದ್ನಿ. ನಕಲು ಅಂದ್ನಿ, ನಕಲಿ ಅನ್ನಲಿಲ್ಲ."

ಅಯ್ಯೋ... ಅವಳಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಬಂದವು. ಆದರೆ ಗುತ್ತೆವ್ವ ಅಷ್ಟಕ್ಕೇ ಕರಗುವ ಹೆಣ್ಣಲ್ಲ. ಇಷ್ಟು ದಿನ ಅವನು ತನ್ನದೇ ಬುತ್ತಿ, ತನ್ನದೇ ತಂಬಿಗೆಯ ನೀರು ಎಂದು ದೂರ ಕುಳಿತು ಉಂಡದ್ದನ್ನು ಅವಳು ನೋಡಿದ್ದಳು.

"ಚಿತ್ರದಾಗ ಕುಂದ್ರತೇನ್ರಿ. ಆದ್ರ ನೀವು ನಮ್ಮ ಮನ್ಯಾಗ ಕುಂತು ಉಣ್ತೀರೇನು? ಇಲ್ಲಾಂದ್ರ ಇದು ಬರೇ ಪುಸ್ತಕದ ಬದನಿಕಾಯಿ."

ಉಳವಪ್ಪ ತಲೆ ತಗ್ಗಿಸಿ ಕಾಗದ ಮಡಚತೊಡಗಿದ. ಪಂಕ್ತಿ ಬರೆಯಲು ಸವಣೂರಿನಿಂದ ಬಂದವನಿಗೆ ಊರಿನಿಂದ ಕೇರಿಗೆ ಹೋಗುವುದು ಅಷ್ಟು ದೂರವಾಗಿತ್ತು.

ಅವಳು ಕುಂಚ ಎತ್ತಿ, ತನ್ನ ಕೈಯಾರೆ ಗೋಡೆಗೆ ಸುಣ್ಣ ಬಳಿದಳು. ಕಣ್ಣೀರು ಇಳಿದರೂ ಕೈ ನಿಲ್ಲಲಿಲ್ಲ. ಇನ್ನು ಆ ಪಂಕ್ತಿ ಉಳಿದದ್ದು ಅವನ ಬಟ್ಟೆಯ ಮೇಲೆ ಮಾತ್ರ, ಅದೂ ಅರೆಬರೆ.

ದೀಪ ಹಚ್ಚುವ ಹೊತ್ತು. ಕೇರಿಯ ಜನವೆಲ್ಲ ಹೊರಗೆ ಬಂದು ನಿಂತರು. ಉಳವಪ್ಪ ಬುತ್ತಿ, ತಂಬಿಗೆ ಇಲ್ಲದೆ ಬರಿಗೈಯಲ್ಲಿ ಬಂದು ಭರಮಪ್ಪನ ಮನೆಯೊಳಗೆ ನೆಲದ ಮೇಲೆ ಕುಳಿತ.

"ಹಸದು ಬಂದೇನಿ, ಗುತ್ತೆವ್ವ. ಆಗ ಸುಮ್ಮನಾಗಿದ್ದು ನನ್ನ ತಪ್ಪು."

ಊರವರ ಸಿಟ್ಟು ನಾಳೆ ನಮ್ಮ ತಲೆಯ ಮೇಲೆ ಬರುತ್ತದೆ, ಎದ್ದೇಳಿ ಎಂದು ಭರಮಪ್ಪ ಕೈಮುಗಿದ. ಬಂದರೆ ತಾನೂ ಜೊತೆಗೆ ನಿಲ್ಲುತ್ತೇನೆಂದ ಉಳವಪ್ಪ. ಗುತ್ತೆವ್ವ ಅಪ್ಪನ ಕೈ ಹಿಡಿದು ಕೂರಿಸಿ, ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು.

ಅವನು ಮುಟ್ಟಲಿಲ್ಲ. ಅವಳು ಗಂಗಾಳ ಹಿಂದೆ ತೆಗೆಯಲು ಬಾಗಿದಾಗ ಅವನು ತಡೆದ.

"ನಿಂದೂ ಗಂಗಾಳ ಹಚ್ಚಿಕೊಂಡು ಬಾ. ಒಬ್ಬಾವ ಉಂಡ್ರ ಪಂಕ್ತಿ ಹ್ಯಾಂಗಾಗತೈತಿ?"

ಗಂಡಸರು ಉಣ್ಣುವಾಗ ಅವಳು ಎಂದೂ ಕುಳಿತವಳಲ್ಲ. ಅಪ್ಪನ ಕಡೆ ನೋಡಿದಳು. ಭರಮಪ್ಪ ಸ್ವಲ್ಪ ಸರಿದು ಜಾಗ ಮಾಡಿದ. ಕುಳಿತಳು. ಉಳವಪ್ಪ ರೊಟ್ಟಿ ಮುರಿದು ಬಾಯಿಗಿಟ್ಟ.

ಅವಳು ಮೆಲ್ಲಗೆ ಕೇಳಿದಳು. "ನಿಮ್ಮ ಅವ್ವಗ ಏನಂತ ಹೇಳ್ತೀರಿ?"

"ಹೊಟ್ಟಿ ತುಂಬ ಉಂಡ್ನಿ ಅಂತ."

"ಅಷ್ಟನ?"

"ಸೊಸಿ ಸಿಕ್ಕಾಳಂತ ಹೇಳ್ತೇನಿ... ನೀ ಹೂಂ ಅಂದ್ರ."

"ನಿಮ್ಮಾವ್ರು ನಿಮ್ಮನ್ನ ಹೊರಗ ಹಾಕ್ತಾರ್ರಿ."

"ಹಾಕ್ಲಿ. ನೀ ಬರ್ತೀಯೇನು?"

ಗುತ್ತೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬರ್ತೇನ್ರಿ. ಆದ್ರ ನಿಮ್ಮ ಹಿಂದ ಬರಂಗಿಲ್ಲ... ಬಾಜೂಕ ಬರ್ತೇನಿ."