ಎಡ ಹೆಬ್ಬೆರಳಿನ ಗೆರೆಗಳು

ನನ್ನ ಗಂಡ ಬುಕ್ ಬೈಂಡಿಂಗ್ ಮಾಡುತ್ತಿದ್ದರು. ದಿನವಿಡೀ ಹಾಳೆಯ ಮಡಿಕೆ ಒತ್ತುವ ಕೈ ಸುಮ್ಮನಿರುತ್ತಿರಲಿಲ್ಲ. ಪಕ್ಕದಲ್ಲಿ ಕೂತರೆ ನನ್ನ ಎಡ ಹೆಬ್ಬೆರಳಿನ ಉಗುರಿನ ಬುಡವನ್ನೇ ಒತ್ತಿ ಒತ್ತಿ ಉಜ್ಜುತ್ತಿದ್ದರು. ಉಗುರಿನಲ್ಲಿ ಮೆಟ್ಟಿಲಿನಂಥ ಅಡ್ಡಗೆರೆಗಳು ಮೂಡಿದ್ದವು.

ಅವರು ತೀರಿಕೊಂಡು ಎರಡು ವರ್ಷ. ಉಗುರೇನೋ ಹೊಸದಾಗಿ ಬೆಳೆದಿದೆ, ಗೆರೆಗಳು ಬರುತ್ತಲೇ ಇವೆ.

"ವಯಸ್ಸಿನ ಗೆರೆ ಉದ್ದಕ್ಕಿರುತ್ತೆ. ಇದು ಬುಡ ಉಜ್ಜೋ ಅಭ್ಯಾಸದಿಂದ ಬರೋದು," ಎಂದರು ಡಾಕ್ಟರಮ್ಮ. "ಪ್ಲಾಸ್ಟರ್ ಸುತ್ಕೊಳ್ಳಿ."

ಸುತ್ತಿಕೊಂಡೆ. ಮಧ್ಯಾಹ್ನ ಸೋಫಾದಲ್ಲಿ ಜೊಂಪು ಹತ್ತಿತು. ಎಡಗೈಯೆಲ್ಲ ತಣ್ಣಗೆ, ಹೆಬ್ಬೆರಳು ಮಾತ್ರ ಬೆಚ್ಚಗೆ. ಬೈಂಡಿಂಗ್‌ಗೆ ಅವರು ಕಾಯಿಸುತ್ತಿದ್ದ ಮೈದಾ ಅಂಟಿನ ವಾಸನೆ. "ರೀ, ಸಾಕು ಬಿಡಿ," ಎಂದೆ ನಿದ್ದೆಗಣ್ಣಲ್ಲೇ.

ಎದ್ದಾಗ ಪ್ಲಾಸ್ಟರ್ ಪಕ್ಕದ ದಿಂಬಿನ ಮೇಲಿತ್ತು. ನಾಲ್ಕು ಮಡಿಕೆ ಮಾಡಿ, ಅಂಚುಗಳನ್ನು ನೀಟಾಗಿ ಒತ್ತಲಾಗಿತ್ತು.

ಅಭ್ಯಾಸ ಬಿಟ್ಟಿಲ್ಲವೆಂದು ಡಾಕ್ಟರಮ್ಮನಿಗೆ ಹೇಳಿದ್ದೇನೆ. ಯಾರು ಎಂದು ಹೇಳಿಲ್ಲ.