ನಲವತ್ತು ಮೀಟರಿನ ಕೆಳಗಿನ ಮಾತು

ನೀರಿನೊಳಗೆ ನಲವತ್ತು ಮೀಟರ್ ಆಳದಲ್ಲಿ ಯಾರು ಏನು ಹೇಳಿದರೂ ನಂಬಬಾರದು ಎಂದು ದೀಪಾಳಿಗೆ ಹೇಳಿಕೊಟ್ಟವರು ಡೈವಿಂಗ್ ಗುರು ದಿಲಾವರಣ್ಣ. ಅಷ್ಟು ಕೆಳಗೆ ಸಾದಾ ಗಾಳಿ ಉಸಿರಾಡಿದರೆ ಅದರಲ್ಲಿನ ನೈಟ್ರೋಜನ್ ಸೇಂದಿಯ ಹಾಗೆ ತಲೆಗೇರುತ್ತದೆ. ಒಬ್ಬ ಸುಮ್ಮಸುಮ್ಮನೆ ನಗುತ್ತಾನೆ, ಇನ್ನೊಬ್ಬ ಮೀನಿಗೆ ಕೈಮುಗಿಯುತ್ತಾನೆ. ಅದಕ್ಕೇ ಅವರ ಕ್ಲಬ್ಬಿನಲ್ಲೊಂದು ಕಟ್ಟುಪಾಡು: ಆಳದಲ್ಲಿ ಬರೆದದ್ದನ್ನು ದಡದಲ್ಲಿ ಎತ್ತುವಂತಿಲ್ಲ.

ಆ ಕಟ್ಟುಪಾಡು ಈಗ ದೀಪಾಳ ಗಂಟಲಿನಲ್ಲಿ ಮುಳ್ಳಾಗಿ ಕೂತಿತ್ತು.

ಹಿಂದಿನ ಭಾನುವಾರ, ಹೊಳಲ್ಕೆರೆ ರಸ್ತೆಯಾಚೆ ನೀರು ತುಂಬಿ ನಿಂತ ಹಳೆಯ ಕಲ್ಲು ಕ್ವಾರಿಯಲ್ಲಿ, ಈ ನಶೆ ಹೇಗಿರುತ್ತದೆಂದು ತೋರಿಸಲು ದಿಲಾವರಣ್ಣ ಇಬ್ಬರನ್ನು ತಳಕ್ಕೆ ಕರೆದೊಯ್ದಿದ್ದರು. ಒಬ್ಬಳು ಹೊಸದುರ್ಗದ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವ ದೀಪಾ. ಇನ್ನೊಬ್ಬ ಅವಳ ಡೈವಿಂಗ್ ಜೋಡಿ, ಯಲ್ಲದಕೆರೆಯ ಕುರಿ ಸಾಕುವ ಮನೆತನದ ಮಾರುತೇಶ್; ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವನು. ಪರೀಕ್ಷೆ ಸುಲಭದ್ದೇ. ಇಪ್ಪತ್ಮೂರಕ್ಕೆ ಹತ್ತೊಂಬತ್ತು ಕೂಡಿಸಿ ಪ್ಲಾಸ್ಟಿಕ್ ಸ್ಲೇಟಿನಲ್ಲಿ ಬರೆಯಬೇಕು.

ಮಾರುತೇಶ್ ಬಹಳ ಹೊತ್ತು ಬರೆದ. ದೀಪಾ ಇಣುಕಿ ನೋಡಿದರೆ, ‘ದೀಪಾ, ನನ್ನ ಮದುವೆ ಆಗ್ತೀರಾ?’

ಅಷ್ಟರಲ್ಲಿ ದಿಲಾವರಣ್ಣನ ಟಾರ್ಚು ಇತ್ತ ತಿರುಗಿತು. ಅವನ ಮಾನ ಉಳಿಯಲೆಂದು ಅವಳು ಹೆಬ್ಬೆರಳಿನಿಂದ ಅಳಿಸಿ, 42 ಎಂದು ಗೀಚಿಬಿಟ್ಟಳು.

ದಡಕ್ಕೆ ಬಂದ ಮೇಲೆ ಮಾರುತೇಶ್ ಅವಳ ಮುಖ ನೋಡದೆ ಕೇಳಿದ್ದ, "ನಾನೇನಾರ ಎಡವಟ್ಟು ಬರೆದ್ನೇನ್ರಿ?"

"ಇಲ್ಲ ಬಿಡ್ರಿ. ಲೆಕ್ಕ ಸರಿಯಾಗೇ ಬರೆದಿದ್ರಿ."

ಎಂಥಾ ಜಾಣೆ! ಲ್ಯಾಬಿನಲ್ಲಿ ಹನಿ ಹನಿ ಅಳೆಯುವವಳು ಇಷ್ಟು ದೊಡ್ಡ ಮಾತನ್ನು ಅಳಿಸಿ ಕೂತಳು. ಎಂಟು ತಿಂಗಳಿಂದ ಪ್ರತಿ ಸಲ ಇಳಿಯುವಾಗಲೂ, ಅವಳ ಕಿವಿ ನೀರಿನ ಒತ್ತಡಕ್ಕೆ ಹೊಂದಿಕೊಳ್ಳುವವರೆಗೆ, ತನ್ನ ಕಿವಿಯೇ ನೋಯುತ್ತಿದೆ ಎಂದು ನಟಿಸಿ ಅರ್ಧದಲ್ಲಿ ನಿಲ್ಲುವವನು ಮಾರುತೇಶ್. ಅಂಥವನ ಮೇಲೆ ಮನಸ್ಸಾಗದೆ ಇನ್ನಾರ ಮೇಲಾಗಬೇಕು? ಆದರೆ ಅಂದು ಕೇಳಿದ್ದು ಅವನೋ, ನೈಟ್ರೋಜನ್ನೋ? ವಾರವಿಡೀ ಅವಳಿಗೆ ಅದೇ ಚಿಂತೆ.

ಈ ಭಾನುವಾರ ಹೀಲಿಯಂ ಪಾಠ. "ಬಲೂನಿನ ಗಾಳಿ ಕುಡಿಯಾಕೆ ಅಷ್ಟು ದೂರ ಹೋಗ್ಬೇಕೇನೇ?" ಎಂದು ಅವ್ವ ಮುದ್ದಕ್ಕ ಬೆಳಿಗ್ಗೆಯೇ ನಕ್ಕಿದ್ದಳು. ನೈಟ್ರೋಜನ್ನಿನ ಜಾಗದಲ್ಲಿ ಒಂದಷ್ಟು ಹೀಲಿಯಂ ಬೆರೆಸಿದರೆ ಆಳದಲ್ಲೂ ತಲೆ ತಿಳಿಯಾಗಿರುತ್ತದೆ. ಅವರವರ ಸಿಲಿಂಡರನ್ನು ಅವರವರೇ ಗ್ಯಾಸ್ ಅಳೆಯುವ ಮೀಟರಿಗೆ ಹಿಡಿದು ಪರೀಕ್ಷಿಸಿ, ಟೇಪಿನ ಮೇಲೆ ಬರೆದು ಅಂಟಿಸಬೇಕು. ದೀಪಾ ಬರೆದಳು: ಆಮ್ಲಜನಕ 25, ಹೀಲಿಯಂ 25.

ಪಕ್ಕದಲ್ಲಿ ಟೇಪು ಹರಿಯುತ್ತಿದ್ದ ಮಾರುತೇಶ್ ತಲೆ ಎತ್ತದೆ ಹೇಳಿದ, "ಮುಂದಿನ ವಾರದಿಂದ ನಿಮಗೆ ಬ್ಯಾರೆ ಜೋಡಿ ಕೊಡ್ರಿ ಅಂತ ದಿಲಾವರಣ್ಣಂಗೆ ಹೇಳೀನಿ."

"ಯಾಕ್ರಿ? ನಾನೇನು ಮಾಡ್ದೆ?"

"ನೀವೇನೂ ಮಾಡಿಲ್ಲ ಬಿಡ್ರಿ. ಹೋಗಾಣ ಬರ್ರಿ, ಅಣ್ಣ ಕಾಯ್ತಾವ್ರೆ."

ಅಂದರೆ ಜೊತೆಯಾಗಿ ಇದೇ ಕೊನೆಯ ಡೈವ್. ದಡದಲ್ಲಂತೂ ಆ ಮಾತು ಎತ್ತುವಂತಿಲ್ಲ. ಕೇಳುವುದಿದ್ದರೆ ಇಂದೇ, ಆಳದಲ್ಲೇ ಕೇಳಬೇಕು.

ತಳದಲ್ಲಿ ಈ ಸಲ ಎಲ್ಲವೂ ಸ್ಪಷ್ಟ. ಬಂಡೆಯ ಮೇಲಿನ ಉಳಿಯ ಗೆರೆಗಳನ್ನೂ ಎಣಿಸಬಹುದಿತ್ತು. ಮಾರುತೇಶನ ಕಣ್ಣಿನ ದುಗುಡವೂ ಡೈವಿಂಗ್ ಕನ್ನಡಕದಾಚೆ ನಿಚ್ಚಳವಾಗಿ ಕಂಡಿತು. ದಿಲಾವರಣ್ಣ ಕೊಟ್ಟ ಲೆಕ್ಕ: ಅರವತ್ನಾಲ್ಕರಲ್ಲಿ ಇಪ್ಪತ್ತೇಳು ಕಳೆಯಿರಿ. ಮಾರುತೇಶ್ ತಕ್ಷಣ 37 ಎಂದು ಬರೆದು ತೋರಿಸಿದ. ಬೇರೆ ಒಂದಕ್ಷರವೂ ಇಲ್ಲ.

ದೀಪಾಳಿಗೆ ಅಳು ಬಂತು. ಆದರೂ ಹಲ್ಲು ಕಚ್ಚಿ ಬರೆದಳು: ‘ಆವತ್ತು ನೀವು ಕೇಳಿದ್ದನ್ನ ನಾನೇ ಅಳಿಸಿದೆ. ಇನ್ನೊಂದ್ಸಲ ಕೇಳ್ರಿ.’

ಸ್ಲೇಟು ಅವನತ್ತ ತಿರುಗಿಸುವಷ್ಟರಲ್ಲಿ ದಿಲಾವರಣ್ಣ ಅದನ್ನು ಕಸಿದುಕೊಂಡರು. ಓದಿದರು. ಇನ್ನೊಮ್ಮೆ ಓದಿದರು. ಲೆಕ್ಕ ಕೊಟ್ಟರೆ ಹುಡುಗಿ ಕಥೆ ಬರೆದಿದ್ದಾಳೆ! ಹೀಲಿಯಂ ಸರಿಯಾಗಿ ಬೆರೆತಿಲ್ಲ, ಇವಳಿಗೆ ನಶೆ ಏರಿದೆ ಎಂದು ಗಾಬರಿಬಿದ್ದು ಹೆಬ್ಬೆರಳು ಮೇಲೆತ್ತಿದರು. ಎಲ್ಲರೂ ಮೇಲಕ್ಕೆ.

ಮೇಲಕ್ಕೆ ಅಂದರೆ ಒಂದೇ ಸಲಕ್ಕಲ್ಲ. ಆಳದಲ್ಲಿ ಮೈಗೆ ಸೇರಿದ ಗ್ಯಾಸ್ ನಿಧಾನವಾಗಿ ಹೊರಹೋಗಲು ಆರು ಮೀಟರಿನಲ್ಲಿ ಹತ್ತು ನಿಮಿಷ ಹಗ್ಗ ಹಿಡಿದು ನಿಲ್ಲಲೇಬೇಕು. ಮಾರುತೇಶ್ ಓದಿದನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಅವನು ಅವಳನ್ನೇ ನೋಡುತ್ತಿದ್ದ. ಅವಳು ಹಗ್ಗ ನೋಡಿದಳು, ವಾಚು ನೋಡಿದಳು, ಮತ್ತೆ ಅವನನ್ನು ನೋಡಿದಳು. ಹತ್ತು ನಿಮಿಷ ಒಂದು ಯುಗದಷ್ಟಾಯಿತು.

ದಡಕ್ಕೆ ಬಂದದ್ದೇ ದಿಲಾವರಣ್ಣ ಅವಳ ಸಿಲಿಂಡರಿಗೆ ಮೀಟರು ಹಿಡಿದರು. ಇಪ್ಪತ್ತೈದು, ಇಪ್ಪತ್ತೈದು. ಮೀಟರನ್ನೊಮ್ಮೆ ತಟ್ಟಿ ಮತ್ತೆ ಹಿಡಿದರು. ಅಷ್ಟೇ ಬಂತು.

"ಗ್ಯಾಸ್ ಸರಿ ಐತಲ್ಲಮ್ಮ! ಹಂಗಾದ್ರೆ ನೀನು ಬರೆದಿದ್ದೇನು?"

"ಬುದ್ಧಿ ನೆಟ್ಟಗಿದ್ದೇ ಬರೆದೆ ಅಣ್ಣ."

ದಿಲಾವರಣ್ಣ ಅವಳನ್ನು ನೋಡಿದರು. ಕಿವಿಯವರೆಗೂ ಕೆಂಪಾಗಿದ್ದ ಮಾರುತೇಶನನ್ನು ನೋಡಿದರು. "ಯಾ ಅಲ್ಲಾ, ನಾನೊಬ್ಬ ಪೆದ್ದ," ಎಂದು ಚಹಾದ ಫ್ಲಾಸ್ಕು ಎತ್ತಿಕೊಂಡು ಜೀಪಿನ ಕಡೆ ನಡೆದರು.

"ನೀವು ಓದಿದ್ರಾ?" ಎಂದಳು ದೀಪಾ.

"ಅಣ್ಣನ ಹೆಗಲ ಮ್ಯಾಲಿಂದ ಓದಿದೆ," ಎಂದ ಮಾರುತೇಶ್. "ಆವತ್ತಿಂದೂ ನೆನಪೈತ್ರಿ. ನೀವು ಅಳಿಸಿದ್ರಲ್ಲ, ಬ್ಯಾಡ ಅಂದ್ರು ಅಂದ್ಕಂಡು ಸುಮ್ಕಾದೆ."

"ಆವತ್ತು ನಶೆ ಇರ್ಲಿಲ್ವಾ?"

"ಇತ್ತು. ಅದು ಧೈರ್ಯ ಕೊಡ್ತು ಅಷ್ಟೆ. ಮಾತು ನಂದೇ."

"ಈಗ?"

"ಈಗ ಕಾಲು ನಡುಗ್ತಾ ಅವೆ."

"ನಡುಗ್ಲಿ. ಕೇಳ್ರಿ."

ಅವನು ಕೇಳಿದ. ತೊದಲಿದ, ಅರ್ಧಕ್ಕೆ ನಿಲ್ಲಿಸಿದ, ಮತ್ತೆ ಮೊದಲಿನಿಂದ ಕೇಳಿದ. ಹಗ್ಗ ಹಿಡಿದು ನಿಂತಾಗ ಅವಳು ಜೋಡಿಸಿಟ್ಟುಕೊಂಡಿದ್ದ ಚೆಂದದ ಮಾತುಗಳೆಲ್ಲ ಎಲ್ಲಿಗೆ ಹೋದವೋ. ಹೂಂ ಎಂದಳು. ಅವನಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಹೂಂ ಎಂದಳು, ಈ ಸಲ ಜೀಪಿನ ಹತ್ತಿರ ನಿಂತವರಿಗೂ ಕೇಳುವಷ್ಟು ಜೋರಾಗಿ.