ಇಂಜಿನ್ನಿನ ಬಾಯಿಗೆ ಬಟ್ಟೆ ತುರುಕಿದವನು

"ಕೀ ಕೊಡಿ."

"ಕೊಡಲ್ಲ."

ಗ್ಯಾರೇಜಿನ ಶಟರ್ ಅರ್ಧ ಮಾತ್ರ ತೆರೆದಿತ್ತು. ಮಧ್ಯಾಹ್ನ ರೇಸ್. ಇದರಲ್ಲೂ ಸೋತರೆ ಕಾರು ಮಾರಿಬಿಡುವುದಾಗಿ ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಈ ಮೆಕ್ಯಾನಿಕ್ ನೋಡಿದರೆ, ಅವಳದೇ ಕಾರಿನ ಕೀಯನ್ನು ಜೇಬಿಗಿಳಿಸಿಕೊಂಡು ನಿಂತಿದ್ದಾನೆ!

ಬಾನೆಟ್ಟಿನೊಳಗೆ ಬಗ್ಗಿ ನೋಡಿದಳು. ಹೊಸದಾಗಿ ಹಾಕಿದ ಗಾಳಿ ಪೈಪ್ ಬಿಚ್ಚಿ ಕೆಳಗಿಟ್ಟಿದ್ದ. ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೇ ಬಟ್ಟೆ ತುರುಕಿದ್ದ.

ಅಂದರೆ... ತನ್ನ ಅನುಮಾನ ನಿಜ.

ಎಲ್ಲ ಶುರುವಾಗಿದ್ದು ಇಂಜಿನ್ನಿಗೆ ಗಾಳಿ ಸೋಸುವ ಫಿಲ್ಟರ್ ಆರಿಸುವ ದಿನ. ಅವಳಿಗೆ ಗರ್ಜಿಸುವ, ತೆರೆದ ಫಿಲ್ಟರ್ ಬೇಕಿತ್ತು. "ಅದು ಇಂಜಿನ್ನಿನ ಬಿಸಿಗಾಳೀನೇ ಎಳ್ಕೊಳ್ಳುತ್ತೆ, ಗಾಡಿ ಸುಸ್ತಾಗುತ್ತೆ. ಮುಚ್ಚಿದ ಡಬ್ಬಿ ಹಾಕಿ, ಬಂಪರ್ ಹತ್ರದಿಂದ ತಣ್ಣನೆ ಗಾಳಿ ತರೋಣ. ನಿಮಗೆ ಸದ್ದು ಬೇಕಾ, ಸ್ಪೀಡ್ ಬೇಕಾ?" ಎಂದು ಇವನು ನಕ್ಕಿದ್ದ. ಆ ನಗುವಿಗೆ ಮರುಳಾಗಿ ಹೂಂ ಅಂದಿದ್ದಳು, ಪಾಪ. ಆಮೇಲೆ ಗೊತ್ತಾಯಿತು, ರೇಸಿನಲ್ಲಿ ಅವಳ ಎದುರಾಳಿ ಇವನ ಸೋದರಮಾವನ ಮಗ ಎಂದು.

ಅಲ್ಲಿಂದ ನೆಮ್ಮದಿ ಹಾಳು. ನಿನ್ನೆ ಇವನು ಊಟಕ್ಕೆ ಹೋದಾಗ ಪೈಪನ್ನು ಬಿಗಿದಿಡುವ ಕ್ಲಾಂಪ್ ಬಿಚ್ಚಿ, ಒಳಗೇನಾದರೂ ಮಸಲತ್ತು ನಡೆದಿದೆಯಾ ಎಂದು ಕದ್ದು ಇಣುಕಿಯೂ ಇದ್ದಳು. ಹೆಜ್ಜೆ ಸದ್ದು ಕೇಳಿದ್ದೇ ಪೈಪನ್ನು ಹಾಗೇ ಒತ್ತಿಟ್ಟು ಓಡಿದ್ದಳು.

"ಮಾವನ ಮಗನಿಗೆ ಗೆಲುವು ಉಡುಗೊರೆ ಕೊಡ್ತಿದ್ದೀರಾ?"

ಅವನ ಮುಖ ಸಪ್ಪಗಾಯಿತು.

"ತಪ್ಪು ನಂದೇ," ಎಂದ ತಲೆತಗ್ಗಿಸಿ. "ಕ್ಲಾಂಪಿನ ನಟ್ಟು ಕಾಣ್ತಿಲ್ಲ. ನಾನೇ ಸರಿಯಾಗಿ ಬಿಗಿ ಮಾಡಿಲ್ಲ ಅನ್ಸುತ್ತೆ. ಅದು ಇಂಜಿನ್ ಒಳಗೆ ಬಿದ್ದಿದ್ರೆ, ಸ್ಟಾರ್ಟ್ ಮಾಡಿದ ತಕ್ಷಣ ಎಲ್ಲಾ ಪುಡಿಪುಡಿ. ಇನ್ನೇನೂ ಬೀಳದಿರಲಿ ಅಂತ ಬಟ್ಟೆ ಇಟ್ಟೆ. ಹುಡುಕಿ ಹುಡುಕಿ ಸಾಕಾಯ್ತು. ರೇಸ್ ಹೋದ್ರೆ ಹೋಗ್ಲಿ, ಹೀಗೆ ನಿಮ್ಮನ್ನ ಆ ಸೀಟಲ್ಲಿ ಕೂರಿಸಲ್ಲ."

ನಟ್ಟು...

ಅವಳ ಕೈ ತಾನಾಗಿ ಜಾಕೆಟ್ ಜೇಬಿಗೆ ಹೋಯಿತು. ನಿನ್ನೆ ಗಡಿಬಿಡಿಯಲ್ಲಿ ಜೇಬಿಗೆ ಹಾಕಿಕೊಂಡಿದ್ದ ನಟ್ಟು ತಣ್ಣಗೆ, ಪುಟ್ಟದಾಗಿ ಬೆರಳಿಗೆ ಸಿಕ್ಕಿತು.

ಸುಮ್ಮನೆ ನೆಲಕ್ಕೆ ಬೀಳಿಸಿ, 'ಇಲ್ಲೇ ಇದೆಯಲ್ಲ' ಅಂದುಬಿಡಬಹುದಿತ್ತು. ಇವನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೆ ಮಾಡದ ತಪ್ಪಿಗೆ ಅವನು ತಲೆತಗ್ಗಿಸಿ ನಿಂತಿದ್ದ.

ಅಂಗೈ ಚಾಚಿದಳು. "ನಾನೇ ಬಿಚ್ಚಿದ್ದು. ನೀವು ಮೋಸ ಮಾಡ್ತಿದ್ದೀರಿ ಅಂತ..."

ಬೈಯುತ್ತಾನೆ ಎಂದುಕೊಂಡಳು. ಅವನು ಉಸ್ಸೆಂದು ನೆಲದ ಮೇಲೇ ಕುಳಿತುಬಿಟ್ಟ.

"ಅಷ್ಟು ಅನುಮಾನ ಇದ್ರೆ ಬೇರೆ ಮೆಕ್ಯಾನಿಕ್ ಹತ್ರ ಹೋಗ್ಬಹುದಿತ್ತಲ್ಲ?"

"ಆಗ್ಲಿಲ್ಲ. ನಿಮ್ಮನ್ನ ನೋಡದೆ ಇರೋಕಾಗಲ್ಲ ನಂಗೆ. ಅದಕ್ಕೇ ಅಷ್ಟು ಭಯ. ನೀವು ಮೋಸ ಮಾಡಿದ್ರೆ ಕಾರಿಗಿಂತ ಜಾಸ್ತಿ ನಾನು ಹಾಳಾಗ್ತಿದ್ದೆ."

ಅವನು ಎದ್ದ. ಬಟ್ಟೆ ತೆಗೆದು, ಪೈಪ್ ಕೂರಿಸಿ, ಅವಳ ಕೈಯಿಂದ ನಟ್ಟು ತೆಗೆದುಕೊಂಡು ಬಿಗಿ ಮಾಡಿದ. ಕೀಯನ್ನು ಅವಳ ಅಂಗೈಗಿಟ್ಟವನು ಕೈ ಮಾತ್ರ ಬಿಡಲಿಲ್ಲ.

"ಇನ್ಮೇಲೆ ಅನುಮಾನ ಬಂದ್ರೆ ಕಾರು ಬಿಚ್ಚಬೇಡಿ. ನನ್ನನ್ನೇ ಕೇಳಿ."

"ಕೇಳಿದ್ರೆ ನಿಜ ಹೇಳ್ತೀರಾ?"

"ಹೇಳ್ತೀನಿ."

"ನಾನಂದ್ರೆ ನಿಮಗೆ ಇಷ್ಟಾನಾ?"

"ಇದ್ರಲ್ಲೂ ಅನುಮಾನಾನಾ ನಿಮಗೆ?"